ಮೆಟ್ಟಿಲ ಮೇಲಿನ ದಿಗ್ಬಂಧನ

ಸೆರಾಫಿನ್ ತನ್ನ ಐವತ್ತೆರಡು ವರ್ಷದಲ್ಲಿ ಆಡಿದ ಮಾತುಗಳಲ್ಲಿ ನೆನಪಿಡುವಂಥದ್ದು ಹೆಚ್ಚೇನೂ ಇಲ್ಲ. ಕ್ಯೂಬಾದ ರೆಗ್ಲಾ ಊರಿನ ದೋಣಿಕಟ್ಟೆಯ ಬಳಿ ಒಂದು ಮುರುಕು ಮೇಜು ಹಾಕಿಕೊಂಡು, ಬೇರೆ ದೇಶಗಳಲ್ಲಿ ಜನ ಬಿಸಾಡುವ ಸಿಗರೇಟು ಲೈಟರುಗಳಿಗೆ ಮತ್ತೆ ಗ್ಯಾಸು ತುಂಬಿಕೊಡುವುದು ಅವನ ಕಸುಬು. ಅದಕ್ಕೆ ಸಣ್ಣ ಸೂಜಿ ಬೇಕು, ತಾಳ್ಮೆ ಬೇಕು, ಮಾತು ಬೇಕಾಗಿಲ್ಲ. ಆದರೆ ಮಾರ್ಚ್ ತಿಂಗಳ ಒಂದು ಭಾನುವಾರ, ವಠಾರದ ಅಂಗಳದಲ್ಲಿ ಡಾಮಿನೊ ಆಡುತ್ತ ಕೂತಿದ್ದಾಗ, ಅವನಿಗೆ ತಾನೊಬ್ಬ ಹಾಸ್ಯಗಾರ ಎಂಬ ಭ್ರಮೆ ಹುಟ್ಟಿತು. ಮೇಲಿನ ಮಹಡಿಯ ಮಿಗ್ದಾಲಿಯಾ ಎಲ್ಲರಿಗೂ ಕಾಫಿ ತಂದುಕೊಟ್ಟಿದ್ದಳು. ಸೆರಾಫಿನ್ ಒಂದು ಗುಟುಕು ಹೀರಿ, ಸುತ್ತ ನೋಡಿ, "ಬಟಾಣಿ ಸಾರು ಚೆನ್ನಾಗಿದೆ. ಉಪ್ಪು ಒಂದ್ ಚೂರು ಕಮ್ಮಿ" ಎಂದ.

ರೇಷನ್ ಅಂಗಡಿಯ ಕಾಫಿಪುಡಿಯಲ್ಲಿ ಅರ್ಧಕ್ಕರ್ಧ ಹುರಿದ ಬಟಾಣಿ ಬೆರೆತಿರುತ್ತದೆ ಎಂಬುದು ಇಡೀ ಕ್ಯೂಬಾ ದೇಶಕ್ಕೆ ಗೊತ್ತು. ಎಲ್ಲರೂ ಕುಡಿಯುತ್ತಾರೆ, ಯಾರೂ ಹೇಳುವುದಿಲ್ಲ. ದೇಶ ನಿಂತಿರುವುದೇ ಇಂಥ ಕೆಲವು ಮೌನಗಳ ಮೇಲೆ. ಮೇಜಿನ ಸುತ್ತ ಇದ್ದ ಮೂವರು ನಕ್ಕರು. ಮಿಗ್ದಾಲಿಯಾ ನಗಲಿಲ್ಲ. ಅವನ ಕೈಯಿಂದ ಬಟ್ಟಲು ತೆಗೆದುಕೊಂಡು, ಉಳಿದದ್ದನ್ನು ಗಿಡದ ಬುಡಕ್ಕೆ ಸುರಿದು ಮೇಲೆ ಹೋದಳು.

ಮಿಗ್ದಾಲಿಯಾ ಹೆಂಗಸರ ಉಗುರಿಗೆ ಬಣ್ಣ ಹಚ್ಚಿ ಬದುಕುವವಳು. ಬಾಯಿ ತೆರೆದರೆ ಎಲ್ಲರೂ ಅವಳಿಗೆ ಚಿನ್ನ. ಬೆಕ್ಕು ಚಿನ್ನ, ಪೋಲೀಸಿನವನು ಚಿನ್ನ, ತೂಕದಲ್ಲಿ ಮೋಸ ಮಾಡುವ ರೇಷನ್ ಅಂಗಡಿಯವನೂ ಚಿನ್ನ. ಸೋಮವಾರ ಬೆಳಿಗ್ಗೆ ಸೆರಾಫಿನ್ ಎದುರು ಸಿಕ್ಕಾಗ ಅವಳು, "ದಾರಿ ಬಿಡಿ, ನೆರೆಯವ್ರೇ" ಎಂದಳು. ಅವನಿಗೆ ಅಪಾಯದ ಅರಿವಾಗಬೇಕಾಗಿತ್ತು. ಆಗಲಿಲ್ಲ.

ಸೋಮವಾರ ಸಂಜೆಯ ಹೊತ್ತಿಗೆ, ಛಾವಣಿಗೆ ಹೋಗುವ ಮೆಟ್ಟಿಲಿಗೆ ಅಡ್ಡವಾಗಿ ಒಂದು ಫ್ರಿಜ್ಜು ನಿಂತಿತ್ತು. ಸೋವಿಯತ್ ಕಾಲದ್ದು. ಕೆಟ್ಟು ಹದಿನೈದು ವರ್ಷವಾಗಿದ್ದರೂ ತೂಕ ಒಂದು ಗುಲಗಂಜಿಯಷ್ಟೂ ಇಳಿದಿರಲಿಲ್ಲ. ಅವಳು ಅದನ್ನು ಒಬ್ಬಳೇ ಹೇಗೆ ತಳ್ಳಿದಳು ಎಂಬುದು ವಠಾರದಲ್ಲಿ ಇಂದಿಗೂ ಇತ್ಯರ್ಥವಾಗಿಲ್ಲ. ಹದಿನಾಲ್ಕು ಮನೆಗಳ ನೀರಿನ ಟ್ಯಾಂಕುಗಳೂ ಆ ಛಾವಣಿಯ ಮೇಲೆಯೇ ಇದ್ದವು. ಉಳಿದ ಮನೆಯವರಿಗೆ ತೊಂದರೆ ಆಗದಂತೆ ಮಿಗ್ದಾಲಿಯಾ ವ್ಯವಸ್ಥೆ ಮಾಡಿದ್ದಳು: ಅವಳ ಅಡುಗೆಮನೆಯ ಕಿಟಕಿ ಹತ್ತಿ ದಾಟಿದರೆ ಛಾವಣಿ. ಯಾರು ಬೇಕಾದರೂ ಬರಬಹುದು, ಒಬ್ಬನ ಹೊರತು.

ಬುಧವಾರ ಸೆರಾಫಿನ್ನನ ಟ್ಯಾಂಕಿನ ನಲ್ಲಿಯ ವಾಷರ್ ಹರಿಯಿತು. ಊರಿಗೆ ನೀರು ಬರುವುದೇ ಮೂರು ದಿನಕ್ಕೊಮ್ಮೆ. ಬಂದ ನೀರೆಲ್ಲ ಛಾವಣಿಯ ಮೇಲೆ ಸೋರಿ, ಬಿಸಿಲಿಗೆ ಆರಿಹೋಯಿತು. ಪಕ್ಕದ ಮನೆಯ ಮೇಸ್ತ್ರಿಯನ್ನು ಅವನು ಕೇಳಿಕೊಂಡ. ಮೇಸ್ತ್ರಿ ಒಳ್ಳೆಯವನೇ. ಆದರೆ ಅಷ್ಟರಲ್ಲಿ ಮೇಲಿನಿಂದ ಪ್ರಕಟಣೆ ಹೊರಟಿತ್ತು: ಸೆರಾಫಿನ್ನನ ಟ್ಯಾಂಕನ್ನು ಮುಟ್ಟಿದವರಿಗೂ ಕಿಟಕಿ ಬಂದ್. ಮೇಸ್ತ್ರಿ ತನಗೆ ಸೊಂಟ ನೋವು ಎಂದ.

ಸೆರಾಫಿನ್ನನ ಹೆಂಡತಿ ನೆರೈದಾ ಮೂರು ದಿನ ಅಂಗಳದ ತೊಟ್ಟಿಯಿಂದ ಬಕೆಟ್ಟು ಹೊತ್ತಳು. ನಾಲ್ಕನೆಯ ದಿನ ಪೆಟ್ಟಿಗೆ ಹೊತ್ತಳು. ಮತಾನ್ಸಾಸ್ ಊರಿನಲ್ಲಿ ಅವಳ ಅಕ್ಕ ಇದ್ದಾಳೆ, ಅಕ್ಕನ ಮನೆಯಲ್ಲಿ ನಲ್ಲಿ ಇದೆ. ಹೊರಡುವಾಗ ಅವಳು ಜಗಳ ಆಡಲಿಲ್ಲ. ಆಡಿದ್ದರೆ ಸೆರಾಫಿನ್ನಿಗೆ ಧೈರ್ಯವಿರುತ್ತಿತ್ತು. "ನಲ್ಲೀಲಿ ನೀರು ಬಂದ ದಿನ ಬರ್ತೀನಿ. ಅಲ್ಲೀವರೆಗೂ ನಿನ್ನ ಹಾಸ್ಯಾನ ನೀನೇ ಕೇಳ್ಕೊಂಡು ಕೂತಿರು" ಎಂದಷ್ಟೇ ಹೇಳಿದಳು.

ವಠಾರದಲ್ಲಿ ಇದ್ದ ಒಂದೇ ಟೆಲಿಫೋನು ಮಿಗ್ದಾಲಿಯಾಳ ಮನೆಯದು. ದಿನಾ ಸಂಜೆ ಆರಕ್ಕೆ ಮತಾನ್ಸಾಸಿನಿಂದ ನೆರೈದಾ ಮಾಡುವ ಕರೆಗೆ ಅದು ಬಡಿದುಕೊಳ್ಳುತ್ತಿತ್ತು. ಮಿಗ್ದಾಲಿಯಾ ಫೋನಿನಲ್ಲಿ ಇಡೀ ಅಂಗಳಕ್ಕೆ ಕೇಳುವ ಹಾಗೆ, "ಇಲ್ಲ ಚಿನ್ನ, ಇನ್ನೂ ಬಂದಿಲ್ಲ" ಎನ್ನುತ್ತಿದ್ದಳು. ಆಮೇಲೆ ಅರ್ಧ ಗಂಟೆ ಇಬ್ಬರೂ ಬೇರೆ ವಿಷಯ ಮಾತಾಡಿ ನಗುತ್ತಿದ್ದರು. ಕೆಳಗೆ ಸೆರಾಫಿನ್ ಬಕೆಟ್ಟಿನ ಮೇಲೆ ಕೂತು ಆ ನಗುವಿನಲ್ಲಿ ತನ್ನ ಹೆಸರು ಬರುತ್ತದೆಯೋ ಎಂದು ಆಲಿಸುತ್ತಿದ್ದ.

ಹತ್ತನೆಯ ದಿನ ಅವನು ಬೀದಿ ಸಮಿತಿಯ ಅಧ್ಯಕ್ಷ ಆರ್ಸೇನಿಯೊನ ಮನೆಗೆ ಹೋದ. ಆರ್ಸೇನಿಯೊ ದೋಣಿಯಲ್ಲಿ ಮೂವತ್ತು ವರ್ಷ ಟಿಕೆಟ್ ನೋಡಿ ನಿವೃತ್ತನಾದವನು. ದೋಣಿಯ ಕಹಳೆ ಕೇಳಿ ಕೇಳಿ ಎಡಗಿವಿ ಹೋಗಿತ್ತು, ಬಲಗಿವಿಯೂ ಭಾಷಣಗಳಿಗಷ್ಟೇ ತೆರೆದುಕೊಳ್ಳುತ್ತಿತ್ತು. ಅವನು ಆ ಹೊತ್ತು ತಲೆ ಮೇಲೆ ಕೈ ಹೊತ್ತು ಕೂತಿದ್ದ. ಕಾರಣವಿತ್ತು. ಉತ್ತರದ ದೊಡ್ಡ ದೇಶ ಅರವತ್ತು ವರ್ಷದಿಂದ ಈ ದ್ವೀಪಕ್ಕೆ ಹಾಕಿರುವ ದಿಗ್ಬಂಧನವನ್ನು ಖಂಡಿಸಲು, ಹನ್ನೊಂದು ದೇಶಗಳ ಇಪ್ಪತ್ತಮೂರು ಜನ ಸ್ನೇಹಿತರು ಮಾರನೆಯ ದಿನ ರೆಗ್ಲಾಕ್ಕೆ ಬರುವವರಿದ್ದರು. ಅವರ ಮುಂದೆ ಕಷ್ಟ ಹೇಳಿಕೊಳ್ಳಲು ಒಬ್ಬ ಸಾಮಾನ್ಯ ಮನುಷ್ಯ ಬೇಕಾಗಿದ್ದ. ಆರ್ಸೇನಿಯೊ ಇಡೀ ಬೀದಿ ತಿರುಗಿದ್ದ. ಕಷ್ಟ ಎಲ್ಲರಿಗೂ ಇತ್ತು, ಗುರುವಾರ ಬಿಡುವು ಯಾರಿಗೂ ಇರಲಿಲ್ಲ.

ಸೆರಾಫಿನ್ನಿಗೆ ನೆರೆಮನೆಯ ಹೆಂಗಸಿನ ಹೆಸರೆತ್ತಿ ದೂರು ಕೊಡಲು ನಾಚಿಕೆಯಾಯಿತು. ಆದ್ದರಿಂದ ಅವನು ಬಾಗಿಲಲ್ಲಿ ನಿಂತು, ಟೋಪಿ ತೆಗೆದು, ದಿಗ್ಬಂಧನದ ವಿಷಯ ಮಾತಾಡಬೇಕು ಎಂದ. ಆ ಊರಿನಲ್ಲಿ ಚರಂಡಿ ಕಟ್ಟಿಕೊಂಡರೂ, ಬೀದಿಗೆ ಲಾರಿ ಅಡ್ಡ ನಿಂತರೂ, ದೊಡ್ಡ ದೇಶ ಚಿಕ್ಕ ದೇಶದ ಕತ್ತು ಹಿಸುಕಿದರೂ ಪದ ಒಂದೇ.

ಆರ್ಸೇನಿಯೊ ನಿಧಾನವಾಗಿ ತಲೆ ಎತ್ತಿದ. "ಇನ್ನೊಂದ್ಸಲ ಹೇಳು."

"ದಿಗ್ಬಂಧನ. ನನ್ಕೈಲಿ ಇನ್ನು ತಡ್ಕೊಳ್ಳೋಕಾಗಲ್ಲ. ಮನೇಲಿ ನೀರಿಲ್ಲ. ಹೆಂಡ್ತಿ ಊರು ಬಿಟ್ಟು ಹೋದ್ಲು."

"ಇದನ್ನ ನಾಳೆ ಬರೋರ ಮುಂದೆ ಹೇಳ್ತೀಯಾ, ಸಂಗಾತಿ?"

ನಾಳೆ ಬರುವವರು ನೀರು ಇಲಾಖೆಯವರು ಎಂದುಕೊಂಡ ಸೆರಾಫಿನ್, ಅವರ ಮುಂದೆ ಹೇಳುವುದಕ್ಕೇ ತಾನು ಬಂದದ್ದು ಎಂದ. ಆರ್ಸೇನಿಯೊ ಎದ್ದು ಅವನನ್ನು ಅಪ್ಪಿಕೊಂಡ. ಇಪ್ಪತ್ತು ವರ್ಷದಲ್ಲಿ ಯಾವ ಸಮಿತಿಯೂ ಸೆರಾಫಿನ್ನನ್ನು ಅಪ್ಪಿಕೊಂಡಿರಲಿಲ್ಲ. ಅವನು ಮನೆಗೆ ಬಂದು ಅಂಗಿ ಇಸ್ತ್ರಿ ಮಾಡಿದ.

ಗುರುವಾರ ಹತ್ತು ಗಂಟೆಗೆ ಅಂಗಳ ತುಂಬಿತು. ಬಂದವರ ಬಿಳಿ ಮುಖ, ಕಪ್ಪು ಮುಖ, ಬಿಸಿಲಿಗೆ ಕೆಂಪಾದ ಮೂಗು ನೋಡಿದಾಗ ಸೆರಾಫಿನ್ನಿಗೆ, ನೀರು ಇಲಾಖೆ ಒಂದು ನಲ್ಲಿಗೆ ಇಷ್ಟು ದೂರದಿಂದ ಎಂಜಿನಿಯರುಗಳನ್ನು ಕರೆಸಿತೇ ಎಂದು ಬೆರಗಾಯಿತು. ಅವರಲ್ಲೊಬ್ಬ ಫಿನ್‌ಲೆಂಡಿನ ಆಜಾನುಬಾಹು ಮುದುಕ ಯಾರೊಡನೆಯೂ ಮಾತಾಡದೆ ಮೂಲೆಯಲ್ಲಿ ನಿಂತು ಕೊಳವೆಗಳನ್ನೇ ದಿಟ್ಟಿಸುತ್ತಿದ್ದ. ಅವನೇ ಮುಖ್ಯ ಎಂಜಿನಿಯರ್ ಎಂದು ಸೆರಾಫಿನ್ ತೀರ್ಮಾನಿಸಿ, ಇಡೀ ಭಾಷಣವನ್ನು ಅವನ ಕಡೆ ನೋಡಿಯೇ ಮಾಡಿದ. ಪಕ್ಕದಲ್ಲಿ ಲಿಸಾಂದ್ರಾ ಎಂಬ ಹುಡುಗಿ ನಿಂತಿದ್ದಳು, ಮೊನ್ನೆ ಮೊನ್ನೆ ಪದವಿ ಮುಗಿಸಿದ ದುಭಾಷಿ. ಮೇಲೆ ಮಹಡಿಯ ಕಟಕಟೆಗೆ ಒರಗಿ ಮಿಗ್ದಾಲಿಯಾ ನಿಂತಿದ್ದಳು.

ಅವಳನ್ನು ನೋಡಿದ್ದೇ ಸೆರಾಫಿನ್ನಿಗೆ ಹೆಸರು ಹೇಳುವ ಧೈರ್ಯ ಪೂರ್ತಿ ಹೋಯಿತು. "ಅವ್ರು" ಎಂದು ಶುರುಮಾಡಿದ. "ಅವ್ರು ನಮ್ಮ ನೆರೆಯವ್ರು. ದೂರ ಏನಿಲ್ಲ. ತೀರಾ ಹತ್ರ."

ಲಿಸಾಂದ್ರಾ ಅನುವಾದಿಸಿದಳು. ಕನ್ನಡಕದ ಹೆಂಗಸೊಬ್ಬಳು ತನ್ನ ಪುಸ್ತಕದಲ್ಲಿ ಉತ್ತರದ ದೊಡ್ಡ ದೇಶ ಇರುವುದು ತೊಂಬತ್ತು ಮೈಲಿ ದೂರದಲ್ಲಿ ಎಂದು ಬರೆದುಕೊಂಡಳು.

"ಮೊದ್ಲು ಚೆನ್ನಾಗೇ ಇದ್ವಿ. ನಮ್ಮ ಸಕ್ಕರೆ ಅವ್ರೇ ತಗೋತಿದ್ರು. ಒಂದಿನ ಇದ್ದಕ್ಕಿದ್ದ ಹಾಗೆ ನಿಮ್ಮ ಸಕ್ಕರೆ ಬೇಡ ಅಂದ್ಬಿಟ್ರು."

ಇಟಲಿಯಿಂದ ಬಂದಿದ್ದ ಇತಿಹಾಸದ ಮೇಷ್ಟರು ಪಕ್ಕದವರ ಕಡೆ ಬಾಗಿ ದೊಡ್ಡ ದೇಶ ಕ್ಯೂಬಾದ ಸಕ್ಕರೆ ಕೊಳ್ಳುವುದನ್ನು ನಿಲ್ಲಿಸಿದ ಇಸವಿಯನ್ನು ಪಿಸುಗುಟ್ಟಿದರು. ವಠಾರದವರು ನೆಲ ನೋಡತೊಡಗಿದರು. ಪ್ರತಿ ಶನಿವಾರ ನೆರೈದಾ ಒಂದು ಲೋಟ ಸಕ್ಕರೆ ಮೇಲೆ ಕಳಿಸುತ್ತಿದ್ದದ್ದು, ಮಿಗ್ದಾಲಿಯಾ ಬದಲಿಗೆ ಕಾಫಿ ಕೊಡುತ್ತಿದ್ದದ್ದು ಅವರಿಗೆಲ್ಲ ಗೊತ್ತಿತ್ತು.

"ನಾನು ಮಾಡಿದ ತಪ್ಪು ಏನು? ಒಂದು ಮಾತು ಆಡ್ದೆ. ಮಾತು ನಿಜಾನೇ. ಅಷ್ಟಕ್ಕೇ ದಾರಿ ಮುಚ್ಚಿದ್ರು. ಬೇರೆಯವ್ರು ಸಹಾಯಕ್ಕೆ ಬರೋಣ ಅಂದ್ರೆ ಅವ್ರಿಗೂ ಮುಚ್ತೀವಿ ಅಂತ ಹೆದರಿಸ್ತಾರೆ."

ಇದು ಅನುವಾದವಾದಾಗ ಅತಿಥಿಗಳಲ್ಲಿ ಇಬ್ಬರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆರ್ಸೇನಿಯೊ ಕಣ್ಣೊರೆಸಿಕೊಂಡ. ಇಂಥ ಸರಳ ಭಾಷೆಯಲ್ಲಿ ಅಂತರರಾಷ್ಟ್ರೀಯ ರಾಜಕಾರಣ ಅವನ ಸಮಿತಿಯಲ್ಲಿ ಎಂದೂ ಕೇಳಿಬಂದಿರಲಿಲ್ಲ.

ಚಪ್ಪಾಳೆ ಸೆರಾಫಿನ್ನನ ತಲೆಗೇರಿತು. "ನನ್ನ ಸಪಾತಿಯಾ ಹರಿದು ಇವತ್ತಿಗೆ ಒಂಬತ್ತು ದಿನ" ಎಂದ. "ಅದೊಂದು ಸರಿಯಾಗಿದ್ದಿದ್ರೆ ನನ್ನ ಹೆಂಡ್ತಿ ಮನೆ ಬಿಟ್ಟು ಹೋಗ್ತಿರ್ಲಿಲ್ಲ."

ಆ ಊರಿನ ಮಾತಿನಲ್ಲಿ ಸಪಾತಿಯಾ ಎಂದರೆ ನಲ್ಲಿಯ ವಾಷರ್. ಮನೆಯಲ್ಲಿ ಹಾಕಿಕೊಳ್ಳುವ ಚಪ್ಪಲಿಯೂ ಸಪಾತಿಯಾ. ಲಿಸಾಂದ್ರಾ ಒಂದು ಕ್ಷಣ ತಡೆದಳು. ಆಮೇಲೆ ಅವಳ ದೃಷ್ಟಿ ಸೆರಾಫಿನ್ನನ ಕಾಲಿಗೆ ಹೋಯಿತು. ವಾಷರ್ ಅಂಗಡಿಯಲ್ಲಿ ಸಿಗುವುದಿಲ್ಲವಾದ್ದರಿಂದ ಹಳೆಯ ಚಪ್ಪಲಿಯ ರಬ್ಬರಿನಿಂದಲೇ ಕತ್ತರಿಸಿ ಹಾಕುವುದು ಅಲ್ಲಿನ ರೂಢಿ. ಹತ್ತು ವರ್ಷದಿಂದ ಕತ್ತರಿಸಿ ಕತ್ತರಿಸಿ ಸೆರಾಫಿನ್ನನ ಎರಡೂ ಚಪ್ಪಲಿಯ ಅಂಚೆಲ್ಲ ಗುಂಡುಗುಂಡಾಗಿ ತೂತುಬಿದ್ದು, ಹಿಮ್ಮಡಿ ನೆಲದ ಮೇಲಿತ್ತು. ಇನ್ನೊಂದು ಕತ್ತರಿಸಿದರೆ ಅದನ್ನು ಚಪ್ಪಲಿ ಎನ್ನುವಂತಿರಲಿಲ್ಲ. ಲಿಸಾಂದ್ರಾ ಅದನ್ನು ನೋಡಿ, ಚಪ್ಪಲಿ ಎಂದೇ ಅನುವಾದಿಸಿದಳು.

ಇಪ್ಪತ್ತಮೂರು ಜನ ಅವನ ಪಾದ ನೋಡಿದರು. ಫಿನ್‌ಲೆಂಡಿನ ಮುದುಕ ಕೂಡ ಮೊದಲ ಸಲ ಕೊಳವೆ ಬಿಟ್ಟು ಆ ಕಡೆ ನೋಡಿದ.

ಕನ್ನಡಕದ ಹೆಂಗಸಿಗೆ ಮೇಲಿದ್ದ ಮಿಗ್ದಾಲಿಯಾ ಕಂಡಳು. ಪಕ್ಕದಲ್ಲೇ ಇದ್ದು ಈ ಮನುಷ್ಯನ ಕಷ್ಟ ನೋಡುವಾಗ ನಿಮಗೆ ಏನನಿಸುತ್ತದೆ ಎಂದು ಆ ಹೆಂಗಸು ಲಿಸಾಂದ್ರಾಳಿಂದ ಕೇಳಿಸಿದಳು. ವಠಾರದವರೆಲ್ಲ ಒಟ್ಟಿಗೆ ಕತ್ತೆತ್ತಿದರು.

ಮಿಗ್ದಾಲಿಯಾ ಅವಸರ ಮಾಡಲಿಲ್ಲ. "ನಾನೇನು ಹೇಳ್ಲಿ ಚಿನ್ನ" ಎಂದಳು. "ಪಾಪ ಅನ್ಸುತ್ತೆ. ಆದ್ರೆ ಕೆಲವ್ರಿಗೆ ನಾಲಿಗೇನೂ ನಲ್ಲಿ ಥರಾನೇ. ಮುಚ್ಚೋಕೆ ಬರಲ್ಲ."

ಲಿಸಾಂದ್ರಾಳಿಗೆ ಇದರ ತಲೆ ಬುಡ ತಿಳಿಯಲಿಲ್ಲ. ಈ ತಾಯಿಯ ಮನೆಯಲ್ಲೂ ನೀರಿನ ತೊಂದರೆ ಬಹಳ ಇದೆ ಎಂದು ಅನುವಾದಿಸಿದಳು. ಅತಿಥಿಗಳು ಮರುಗಿದರು.

ಆಮೇಲೆ ಆರ್ಸೇನಿಯೊ ಗೊತ್ತುವಳಿ ಓದಿದ. ದಿಗ್ಬಂಧನವನ್ನು ತಕ್ಷಣ, ಪೂರ್ತಿಯಾಗಿ, ಯಾವ ಷರತ್ತೂ ಇಲ್ಲದೆ ತೆಗೆಯಬೇಕು. ಒಪ್ಪುವವರು ಕೈ ಎತ್ತಿ. ಅಂಗಳದಲ್ಲಿ ಎಲ್ಲ ಕೈಗಳೂ ಮೇಲೆದ್ದವು. ಸೆರಾಫಿನ್ ಮಹಡಿಯ ಕಡೆ ನೋಡಿದ. ಮಿಗ್ದಾಲಿಯಾಳ ಕೈ ಎಲ್ಲಕ್ಕಿಂತ ಎತ್ತರದಲ್ಲಿತ್ತು. ಐದು ಉಗುರಿಗೆ ಐದು ಬಣ್ಣ. ಒಂದು ಕೈಗೆ ಪೂರ್ತಿ ಸಾಲುವಷ್ಟು ಒಂದೇ ಬಣ್ಣ ಅವಳಿಗೆ ಸಿಕ್ಕಿ ವರ್ಷಗಳಾಗಿದ್ದವು, ಉಗುರು ಒರೆಸುವ ದ್ರಾವಣವಂತೂ ಕಂಡೇ ಇರಲಿಲ್ಲ. ಅವಳು ಮನಸ್ಸಿಟ್ಟೇ ಕೈ ಎತ್ತಿದ್ದಳು.

ಸೆರಾಫಿನ್ ಆ ಸಂಜೆ ಎರಡು ಸಲ ಮುಖ ಕ್ಷೌರ ಮಾಡಿಕೊಂಡ. ನೆರೈದಾ ನಾಳೆಯೇ ಬಂದರೂ ಬರಬಹುದು. ಆರು ಗಂಟೆಗೆ ಫೋನು ಬಡಿಯಿತು. "ಇಲ್ಲ ಚಿನ್ನ, ಇನ್ನೂ ಬಂದಿಲ್ಲ" ಎಂಬ ಮಾತು ಅಂಗಳಕ್ಕೆ ಇಳಿಯಿತು.

ಶುಕ್ರವಾರ ಬೆಳಿಗ್ಗೆ ಅವನು ಮೆಟ್ಟಿಲು ಹತ್ತಿ ನೋಡಿದ. ಫ್ರಿಜ್ಜು ಇದ್ದಲ್ಲೇ ಇತ್ತು. ಮೇಲೆ ಒಂದು ಹೂಕುಂಡ ಹೊಸದಾಗಿ ಬಂದಿತ್ತು. ಕಟಕಟೆಯ ಬಳಿ ಗಿರಾಕಿಯೊಬ್ಬಳ ಉಗುರು ಉಜ್ಜುತ್ತಿದ್ದ ಮಿಗ್ದಾಲಿಯಾ ತಲೆ ಎತ್ತಲಿಲ್ಲ.

"ನೀವೂ ಕೈ ಎತ್ತಿದ್ರಿ" ಎಂದ ಸೆರಾಫಿನ್, ಮೆಲ್ಲಗೆ.

"ಎತ್ದೆ."

"ಬೇಷರತ್ತಾಗಿ ಅಂತ ಇತ್ತು."

"ಅದು ದಿಗ್ಬಂಧನ" ಎಂದಳು ಮಿಗ್ದಾಲಿಯಾ. "ಇದು ಫ್ರಿಜ್ಜು."

ಇಡೀ ಲೋಕ ಒಂದಾಗಿ ಕೈ ಎತ್ತಿದ ಮೇಲೂ ಒಂದು ಫ್ರಿಜ್ಜು ಅಲ್ಲಾಡಲಿಲ್ಲವೆಂದರೆ ಮುಂದೆ ಯಾರ ಹತ್ತಿರ ಹೋಗುವುದು ಎಂದು ತಿಳಿಯದೆ ಸೆರಾಫಿನ್ ಕೆಳಗಿಳಿದು ಬಂದ. ಆಗ ಬೀದಿಯಲ್ಲಿ ಬಸ್ಸು ನಿಂತ ಸದ್ದಾಯಿತು.

ಆರ್ಸೇನಿಯೊ ಮುಂದೆ, ಲಿಸಾಂದ್ರಾ ಹಿಂದೆ, ನಡುವೆ ಎರಡು ಗೋಣಿಚೀಲ. ಆರ್ಸೇನಿಯೊ ಅಂಗಳದ ನಡುವೆ ನಿಂತು ಒಂದು ಕಾಗದ ಓದಿದ. ಹನ್ನೊಂದು ದೇಶಗಳ ಜನ ಕ್ಯೂಬಾದ ಬರಿಗಾಲಿನ ಸಂಗಾತಿಗೆ ಸಲ್ಲಿಸುವ ಕಿರುಕಾಣಿಕೆ ಎಂದು ಅದರಲ್ಲಿತ್ತು. ಚೀಲ ಬಿಚ್ಚಿ ಸುರಿದ. ಚಪ್ಪಲಿಗಳು. ರಬ್ಬರಿನವು, ಬಟ್ಟೆಯವು, ಹೋಟೆಲಿನ ಕೋಣೆಯ ತೆಳ್ಳನೆಯ ಬಿಳಿಯವು, ತುಪ್ಪಳ ಅಂಚಿನ ಒಂದು ಗುಲಾಬಿ ಜೋಡಿ, ಚಿಕ್ಕ ದೋಣಿಯಷ್ಟು ದೊಡ್ಡದಾದ, ಎರಡು ಬೆರಳು ದಪ್ಪ ರಬ್ಬರಿನ ಒಂದು ಕಪ್ಪು ಜೋಡಿ. ಆ ಕಪ್ಪು ಜೋಡಿ ಫಿನ್‌ಲೆಂಡಿನ ಮುದುಕನದು. ಕಾಲಿನಿಂದ ಕಳಚಿ ಚೀಲಕ್ಕೆ ಹಾಕಿ, ಒಂದೂ ಮಾತಾಡದೆ ಬರಿಗಾಲಲ್ಲಿ ಹೋಗಿ ಬಸ್ಸಿನಲ್ಲಿ ಕೂತನಂತೆ.

"ಏನಿದು?" ಎಂದ ಸೆರಾಫಿನ್.

"ಸಪಾತಿಯಾ. ನೀನೇ ಕೇಳಿದ್ದು."

"ನಾನು ಕೇಳಿದ್ದು ನಲ್ಲೀದು."

ಆರ್ಸೇನಿಯೊ ಕೈಯಲ್ಲಿದ್ದ ಕಾಗದ ನೋಡಿದ, ಚಪ್ಪಲಿಗಳ ರಾಶಿ ನೋಡಿದ, ಲಿಸಾಂದ್ರಾಳನ್ನು ನೋಡಿದ. ಲಿಸಾಂದ್ರಾ ಗೋಡೆ ನೋಡುತ್ತಿದ್ದಳು. ಬಹಳ ಹೊತ್ತಿನ ಮೇಲೆ ಅಧ್ಯಕ್ಷ ತನ್ನ ತೀರ್ಪು ಕೊಟ್ಟ: ವರದಿಯಲ್ಲಿ ಪಾದ ಎಂದು ದಾಖಲಾಗಿಹೋಗಿದೆ, ಅದು ಹನ್ನೊಂದು ಭಾಷೆಗೆ ಅನುವಾದವೂ ಆಗಿದೆ, ಈಗ ಅದನ್ನು ನಲ್ಲಿ ಎಂದು ತಿದ್ದಿದರೆ ಅಂತರರಾಷ್ಟ್ರೀಯ ಗೊಂದಲವಾಗುತ್ತದೆ. ಆದ್ದರಿಂದ ಸಂಗಾತಿ ಸೆರಾಫಿನ್ ಇನ್ನು ಮುಂದೆ ಚಪ್ಪಲಿಯ ಕೊರತೆಯಿಂದ ನರಳಿದವನಾಗಿಯೇ ಇರತಕ್ಕದ್ದು.

ಚಪ್ಪಲಿಗಳನ್ನು ಸೆರಾಫಿನ್ ಅಲ್ಲೇ ಹಂಚಿದ. ಮೇಸ್ತ್ರಿಗೆ ಒಂದು ಜೋಡಿ ಸಿಕ್ಕಿತು, ಸೊಂಟ ನೋವು ಕಾಣಿಸಲಿಲ್ಲ. ವಠಾರವೆಲ್ಲ ಕಾಲು ಅಳೆಯುತ್ತ, ಬದಲಾಯಿಸುತ್ತ, ನಗುತ್ತ ಗಿಜಿಗುಟ್ಟಿತು. ಕೊನೆಗೆ ಉಳಿದದ್ದು ಎರಡು ಜೋಡಿ. ಕಪ್ಪು ದೋಣಿಗಳು ಯಾರ ಕಾಲಿಗೂ ಆಗುತ್ತಿರಲಿಲ್ಲ. ಗುಲಾಬಿ ಜೋಡಿ ಎಲ್ಲ ಹೆಂಗಸರ ಕಾಲಿಗೂ ಆಗುತ್ತಿತ್ತು, ಆದರೆ ಯಾರೂ ಮುಟ್ಟಲಿಲ್ಲ. ಮೇಲೆ ಕಟಕಟೆಯ ಬಳಿ ಮಿಗ್ದಾಲಿಯಾ ಉಗುರು ಉಜ್ಜುವುದನ್ನು ನಿಲ್ಲಿಸಿ ಅದನ್ನೇ ನೋಡುತ್ತಿದ್ದಳು. ಅವಳ ಕಾಲಲ್ಲಿ ಇದ್ದವು ಅವಳ ಗಂಡ ಸಾಯುವ ಮೊದಲು ತಂದುಕೊಟ್ಟಿದ್ದ ಚಪ್ಪಲಿಗಳು, ಹಗ್ಗ ಕಟ್ಟಿದ್ದವು.

ಸೆರಾಫಿನ್ ದೋಣಿಯೊಂದನ್ನು ಎತ್ತಿ ಅದರ ಹಿಮ್ಮಡಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ. ಇಂಥ ರಬ್ಬರ್ ಅವನು ಜನ್ಮದಲ್ಲಿ ಕಂಡಿರಲಿಲ್ಲ. ಅದನ್ನು ಒಂದು ಕಂಕುಳಲ್ಲಿ, ಗುಲಾಬಿ ಜೋಡಿಯನ್ನು ಇನ್ನೊಂದು ಕಂಕುಳಲ್ಲಿ ಇಟ್ಟುಕೊಂಡು ಮೆಟ್ಟಿಲು ಹತ್ತಿದ. ಅಂಗಳದ ಗದ್ದಲ ಒಮ್ಮೆಲೇ ನಿಂತಿತು.

ಅವನು ಗುಲಾಬಿ ಜೋಡಿಯನ್ನು ಅವಳ ಬಾಗಿಲ ಮುಂದೆ ಇಟ್ಟ. ಏನಾದರೂ ಹೇಳಬೇಕೆನಿಸಿತು. ಬಾಯಿ ತೆರೆದ. ಹಿಂದಿನ ಸಲ ಬಾಯಿ ತೆರೆದದ್ದು ನೆನಪಾಗಿ ಮುಚ್ಚಿದ. ಮಿಗ್ದಾಲಿಯಾ ಚಪ್ಪಲಿ ನೋಡಿದಳು, ಅವನನ್ನು ನೋಡಿದಳು, ಒಳಗೆ ಹೋದಳು. ಕೆಳಗೆ ಹನ್ನೆರಡು ಮನೆಯವರು ಕತ್ತು ಚಾಚಿ ನಿಂತಿದ್ದರು. ಒಳಗೆ ಒಲೆ ಹೊತ್ತಿದ ಸದ್ದು, ಚಮಚದ ಸದ್ದು. ಅವಳು ಹೊರಗೆ ಬಂದಾಗ ಕೈಯಲ್ಲಿ ಒಂದು ಬಟ್ಟಲಿತ್ತು.

"ಕುಡೀರಿ" ಎಂದಳು.

ಸೆರಾಫಿನ್ ಕುಡಿದ. ಕೊನೆಯ ಹನಿಯವರೆಗೂ ಕುಡಿದು ಬಟ್ಟಲಿನ ತಳ ಎಲ್ಲರಿಗೂ ಕಾಣುವಂತೆ ಹಿಡಿದ.

"ಹೇಗಿದೆ?"

ಮಾತು ಒಂದೊಂದನ್ನೂ ಲೈಟರಿನ ಸೂಜಿಯ ಮೇಲೆ ಇಟ್ಟು ತೂಗಿದವನಂತೆ ಅವನು ಹೇಳಿದ: "ಇಷ್ಟು ಒಳ್ಳೇ ಕಾಫಿ ನಾನು ಈ ವರ್ಷ ಕುಡಿದಿಲ್ಲ. ಒಂದೇ ಒಂದು ಬಟಾಣಿ ಇಲ್ಲ."

ಅವಳು ಅವನ ಮುಖವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಹೂಕುಂಡ ಎತ್ತಿ ಕೆಳಗಿಟ್ಟು, ಕಟಕಟೆಯಿಂದ ಬಾಗಿ, "ನಿಂತ್ಕೊಂಡು ನೋಡ್ತೀರಲ್ಲ, ಬಂದು ಕೈ ಹಾಕ್ರಪ್ಪ" ಎಂದಳು.

ಫ್ರಿಜ್ಜು ಸರಿಸಲು ಹೊಸ ಚಪ್ಪಲಿ ಹಾಕಿದ ಏಳು ಜನ ಬೇಕಾದರು. ಸೆರಾಫಿನ್ ಛಾವಣಿಗೆ ಹೋಗಿ, ಫಿನ್‌ಲೆಂಡಿನ ಹಿಮ್ಮಡಿಯಿಂದ ನಾಣ್ಯದಷ್ಟು ಅಗಲದ ಒಂದು ಬಿಲ್ಲೆ ಕತ್ತರಿಸಿ ನಲ್ಲಿಗೆ ಕೂಡಿಸಿದ. ಅಂದು ನೀರು ಬರುವ ದಿನ. ಮೂರು ಗಂಟೆಗೆ ಬಂದ ನೀರು ಟ್ಯಾಂಕಿನಲ್ಲೇ ನಿಂತಿತು. ಒಂದು ಹನಿ ಸೋರಲಿಲ್ಲ.

ಆರಕ್ಕೆ ಫೋನು ಬಡಿದಾಗ ಮಿಗ್ದಾಲಿಯಾ ಗುಲಾಬಿ ಚಪ್ಪಲಿಯಲ್ಲಿ ಸರಸರ ಹೋಗಿ ಎತ್ತಿಕೊಂಡಳು. "ಬಂತು ಚಿನ್ನ" ಎಂದಳು. "ನಾಳೆ ಮೊದಲ ಬಸ್ಸಿಗೆ ಹೊರಡು. ನಿನ್ನ ಗಂಡ ಮಾತು ಕಲ್ತಿದ್ದಾನೆ."

ಫೋನಿಟ್ಟು ಹೊರಗೆ ಬಂದು, ಮೆಟ್ಟಿಲ ಮೇಲೆ ಕೂತು ಬೆವರು ಒರೆಸಿಕೊಳ್ಳುತ್ತಿದ್ದ ಸೆರಾಫಿನ್ನನ ಪಕ್ಕದಲ್ಲಿ ನಿಂತಳು.

"ನಿಜ ಹೇಳು. ಕಾಫಿ ಚೆನ್ನಾಗಿತ್ತಾ?"

"ದೇವರಾಣೆ. ಬಟಾಣಿ ವಾಸನೇನೇ ಇರ್ಲಿಲ್ಲ."

"ಈ ತಿಂಗಳು ಅಂಗಡಿಗೆ ಕಾಫಿಪುಡೀನೇ ಬಂದಿಲ್ಲ" ಎಂದಳು ಮಿಗ್ದಾಲಿಯಾ. "ನೀನು ಕುಡಿದಿದ್ದು ಬರೀ ಬಟಾಣಿ."

ಸೆರಾಫಿನ್ ಬಾಯಿ ಒರೆಸಿಕೊಂಡ. ಕೊಲ್ಲಿಯ ಕಡೆಯಿಂದ ದೋಣಿಯ ಕಹಳೆ ಕೇಳಿಸಿತು.

"ಯಾಕೆ ಬಂದಿಲ್ವಂತೆ?"

"ಇನ್ಯಾಕೆ," ಎಂದಳು ಅವಳು. "ದಿಗ್ಬಂಧನ, ಚಿನ್ನ."